ಆನ್‌ಲೈನ್ ಅಂಗಡಿಯಲ್ಲಿ ಸ್ವಂತ ಪುಸ್ತಕ: ಪ್ರಚಾರದ ಲೆಕ್ಕ, ನಂಬಿಕೆಯ ಲೆಕ್ಕ

ವ್ಯವಹಾರ ಅಧ್ಯಯನದಲ್ಲಿ ಮಾರುಕಟ್ಟೆಯ ಪಾಠ ಬಂದಾಗ ಉತ್ಪನ್ನ, ಬೆಲೆ, ಸ್ಥಳ, ಪ್ರವರ್ತನೆ ಎಂಬ ನಾಲ್ಕು ಅಂಶಗಳನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಉದಾಹರಣೆ ಕೇಳಿದರೆ ಸೋಪು, ಟೂತ್‌ಪೇಸ್ಟ್, ಮೊಬೈಲ್ ಎಂದು ಬರೆಯುತ್ತೇವೆ. ಈ ಲೇಖನದಲ್ಲಿ ಅದೇ ನಾಲ್ಕು ಅಂಶಗಳನ್ನು ಪುಸ್ತಕಕ್ಕೆ ಹಚ್ಚಿ ನೋಡಿದ್ದೇನೆ. ಪ್ರಕಾಶಕರ ನೆರವಿಲ್ಲದೆ ತಾವೇ ಅಚ್ಚು ಹಾಕಿಸುವ ಲೇಖಕರು ಆನ್‌ಲೈನ್ ಅಂಗಡಿಯ ಮೂಲಕ ಓದುಗರನ್ನು ತಲುಪುವುದು ಹೇಗೆ ಎಂಬುದೇ ಪ್ರಶ್ನೆ. ನಮ್ಮ ಕಾಲೇಜಿನಲ್ಲೂ ಕಥೆ, ಕವಿತೆ ಬರೆಯುವವರು ಇದ್ದಾರೆ. ಅವರಿಗೆ ಮುಂದೊಂದು ದಿನ ಇದು ಉಪಯೋಗಕ್ಕೆ ಬರಬಹುದು.

ಹೊತ್ತು ಮಾರಿದವರು

ತನ್ನ ಪುಸ್ತಕವನ್ನು ತಾನೇ ಮಾರುವುದು ಕನ್ನಡಕ್ಕೆ ಹೊಸದಲ್ಲ. ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರುತ್ತಿದ್ದರು. ಕೊಳ್ಳುವವರು ಪುಸ್ತಕವನ್ನು ಕೈಯಲ್ಲಿ ಹಿಡಿದು, ಲೇಖಕರನ್ನು ಎದುರಿಗೇ ನೋಡಿ ಕೊಳ್ಳುತ್ತಿದ್ದರು. ಇಂದು ಓದುಗರು ಮೊಬೈಲಿನಲ್ಲಿ ಹುಡುಕುತ್ತಾರೆ. ಲೇಖಕರು ಎದುರಿಗೆ ಇಲ್ಲ, ಪುಸ್ತಕ ಕೈಯಲ್ಲಿಲ್ಲ. ಕಣ್ಣಿಗೆ ಕಾಣುವುದು ಅಂಗಡಿಯ ಒಂದು ಪುಟ ಮಾತ್ರ. ಗಳಗನಾಥರು ನಡೆದು, ಮಾತಾಡಿ ಮಾಡುತ್ತಿದ್ದ ಕೆಲಸವನ್ನೆಲ್ಲ ಆ ಪುಟ ಮಾಡಬೇಕು.

ಸ್ಥಳ: ಯಾವ ಅಂಗಡಿ?

ಅಮೆಜಾನ್‌ನ ಕೆಡಿಪಿ ಎಂಬ ಸೇವೆಯಲ್ಲಿ ಲೇಖಕರೇ ಇ-ಪುಸ್ತಕ ಏರಿಸಿ ಮಾರಬಹುದು. ಪುಸ್ತಕದ ಬೆಲೆ ಮತ್ತು ಷರತ್ತುಗಳಿಗೆ ತಕ್ಕಂತೆ ಲೇಖಕರಿಗೆ ಶೇ. 35 ಅಥವಾ ಶೇ. 70ರ ಗೌರವಧನ ಸಿಗುತ್ತದೆ. 'ಕೆಡಿಪಿ ಸೆಲೆಕ್ಟ್' ಸೇರಿದರೆ 90 ದಿನಗಳ ಅವಧಿಯಲ್ಲಿ ಐದು ದಿನ ಪುಸ್ತಕವನ್ನು ಉಚಿತವಾಗಿ ಕೊಟ್ಟು ಪ್ರಚಾರ ಮಾಡಬಹುದು. ಆದರೆ ಆ 90 ದಿನ ಅದೇ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ.

2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿದಾಗ ಆ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ಉರ್ದುವೂ ಇರಲಿಲ್ಲ. ಆದ್ದರಿಂದ ಅಂಗಡಿ ಆರಿಸುವ ಮೊದಲು ನಮ್ಮ ಭಾಷೆಗೆ ಅಲ್ಲಿ ಜಾಗ ಇದೆಯೇ ಎಂದು ನೋಡಬೇಕು. ಕನ್ನಡ ಇ-ಪುಸ್ತಕಗಳಿಗೆ ಗೂಗಲ್ ಪ್ಲೇ ಬುಕ್ಸ್ ಮತ್ತು ಮೈಲ್ಯಾಂಗ್ ಇವೆ. ಅಚ್ಚಾದ ಪುಸ್ತಕವನ್ನು ಅಮೆಜಾನ್, ಸಪ್ನಾ ಆನ್‌ಲೈನ್‌ನಂಥ ಅಂಗಡಿಗಳಲ್ಲಿ ಇಡಬಹುದು. ಬೆಂಗಳೂರಿನ ಪೋಥಿ ಡಾಟ್ ಕಾಮ್ ಬೇಡಿಕೆ ಬಂದಷ್ಟೇ ಪ್ರತಿ ಮುದ್ರಿಸುತ್ತದೆ. ಒಮ್ಮೆಲೇ 500 ಪ್ರತಿ ಅಚ್ಚು ಹಾಕಿಸಿ ಬಂಡವಾಳ ಕಟ್ಟಿಹಾಕುವ ಅಗತ್ಯ ಇಲ್ಲ.

ಇನ್ನೆರಡು ವಿಷಯ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಕೊಡುತ್ತದೆ. ಅದಕ್ಕೆಂದು ಯಾರಾದರೂ ದುಡ್ಡು ಕೇಳಿದರೆ ಯಾಕೆ ಎಂದು ಕೇಳಿ. ಎರಡನೆಯದಾಗಿ, ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ. ಬೆಲೆ ಇಡುವಾಗ ಇದು ನೆನಪಿರಬೇಕು.

ಉತ್ಪನ್ನ: ಪುಟವೇ ಮಾತಾಡಬೇಕು

ನನ್ನ ಮಾಮೂ ಕನ್ನಡದಲ್ಲಿ ಗಜಲ್ ಬರೆಯುತ್ತಾರೆ. ಅವರ ಸಂಕಲನದ 500 ಪ್ರತಿಗಳಲ್ಲಿ ಹೆಚ್ಚಿನವು ಇನ್ನೂ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿವೆ. ಆನ್‌ಲೈನ್ ಅಂಗಡಿಗೂ ಪುಸ್ತಕ ಹಾಕಿದ್ದರು. ಪುಟ ತೆರೆದು ನೋಡಿದೆ. ಶೀರ್ಷಿಕೆ ಇತ್ತು, ಬೆಲೆ ಇತ್ತು. ವಿವರಣೆಯ ಜಾಗದಲ್ಲಿ 'ಒಳ್ಳೆಯ ಪುಸ್ತಕ' ಎಂಬ ಎರಡೇ ಪದ. ಅದು ಗಜಲ್ ಪುಸ್ತಕ ಎಂದು ಎಲ್ಲೂ ಬರೆದಿರಲಿಲ್ಲ. ಹಾಗಿದ್ದರೆ ಗಜಲ್ ಹುಡುಕುವವರಿಗೆ ಅದು ಸಿಗುವುದು ಹೇಗೆ?

ಅಂಗಡಿಯ ಹುಡುಕಾಟ ನಡೆಯುವುದು ನಾವು ಬರೆದ ಪದಗಳ ಮೇಲೆ. ಕೆಡಿಪಿಯಲ್ಲಂತೂ ಹುಡುಕುಪದಗಳಿಗಾಗಿಯೇ ಏಳು ಖಾನೆಗಳಿವೆ. ಓದುಗರು ನಿಜವಾಗಿ ಟೈಪ್ ಮಾಡುವ ಪದಗಳು ಅಲ್ಲಿರಬೇಕು. ನಮ್ಮ ಮನೆಯಲ್ಲಿ ಮಾತು ಉರ್ದು, ಓದು ಕನ್ನಡ. ಆದರೆ ಮೊಬೈಲಿನಲ್ಲಿ ಎರಡನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಹುಡುಕುತ್ತೇವೆ. ಹಾಗೆ ಹುಡುಕುವವರು ಬಹಳ ಜನ. ಆದ್ದರಿಂದ ಶೀರ್ಷಿಕೆ ಮತ್ತು ಲೇಖಕರ ಹೆಸರು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಇರುವುದು ಒಳ್ಳೆಯದು. ಸರಿಯಾದ ವಿಭಾಗ, ಚಿಕ್ಕ ಪರದೆಯಲ್ಲೂ ಓದಲು ಬರುವ ಮುಖಪುಟ, ಒಳಗಿನ ಕೆಲವು ಪುಟಗಳ ಮಾದರಿ, ಪುಸ್ತಕ ಯಾರಿಗಾಗಿ ಎಂದು ಹೇಳುವ ನಾಲ್ಕು ಸಾಲು, ಇಷ್ಟೂ ಉಚಿತ ಪ್ರಚಾರ.

ಬೆಲೆ ಮತ್ತು ಜಾಹೀರಾತು

ಒಂದು ಊಹೆಯ ಲೆಕ್ಕ ನೋಡೋಣ. ಪುಸ್ತಕದ ಬೆಲೆ ₹150. ಮುದ್ರಣ ವೆಚ್ಚ ₹60. ಅಂಗಡಿಯ ಕಮಿಷನ್ ಮತ್ತು ಸಾಗಣೆ ಸೇರಿ ₹55 ಎಂದುಕೊಳ್ಳಿ. ಲೇಖಕರಿಗೆ ಉಳಿಯುವುದು ₹35. ಉಳಿದ ಖರ್ಚು ಹಾಗೇ ಇದ್ದು ಶೇ. 20 ರಿಯಾಯಿತಿ ಕೊಟ್ಟರೆ ₹30 ಹೋಗಿ ಕೈಗೆ ಬರುವುದು ₹5.

ಈಗ ಜಾಹೀರಾತು. ಅಮೆಜಾನ್‌ನಂಥ ಅಂಗಡಿಗಳಲ್ಲಿ ಜಾಹೀರಾತನ್ನು ಒತ್ತಿದಾಗಲೆಲ್ಲ ಲೇಖಕರ ಹಣ ಕಡಿತವಾಗುತ್ತದೆ, ಪುಸ್ತಕ ಮಾರಿರಲಿ ಬಿಡಲಿ. ಒಂದು ಕ್ಲಿಕ್ಕಿಗೆ ₹3 ಎಂದೂ, 20 ಜನ ಒತ್ತಿದರೆ ಒಬ್ಬರು ಕೊಳ್ಳುತ್ತಾರೆ ಎಂದೂ ಇಟ್ಟುಕೊಳ್ಳೋಣ. ಒಂದು ಪ್ರತಿ ಮಾರಲು ಖರ್ಚು ₹60, ಅದರಿಂದ ಉಳಿಯುವುದು ₹35. ಪ್ರತಿಯೊಂದಕ್ಕೆ ₹25 ನಷ್ಟ. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ! ಈ ಲೆಕ್ಕದಲ್ಲಿ 11 ಕ್ಲಿಕ್ಕಿಗೆ ಒಂದಾದರೂ ಪ್ರತಿ ಹೋಗುವಂತಿದ್ದರೆ ಮಾತ್ರ ಜಾಹೀರಾತು ಕೊಡಬಹುದು. ಮೊದಲು ಪುಟ ಸರಿಮಾಡಿ, ಆಮೇಲೆ ಜಾಹೀರಾತು ಎಂದು ಹೇಳುವುದು ಇದಕ್ಕೇ.

ಕಡಿಮೆ ಬೆಲೆ ಕೆಲಸ ಮಾಡುವುದೇ ಇಲ್ಲ ಎಂದಲ್ಲ. ಅಮೆರಿಕದ ಆಂಡಿ ವೀರ್ 'ದಿ ಮಾರ್ಷಿಯನ್' ಕಾದಂಬರಿಯನ್ನು ಮೊದಲು ತಮ್ಮ ಜಾಲತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಉಚಿತವಾಗಿ ಕೊಟ್ಟರು. ಓದುಗರು ಕೇಳಿದ್ದರಿಂದ 2011ರಲ್ಲಿ ಕಿಂಡಲ್‌ನಲ್ಲಿ 99 ಸೆಂಟ್ಸ್‌ಗೆ ಇಟ್ಟರು. ಮೂರು ತಿಂಗಳಲ್ಲಿ 35,000 ಪ್ರತಿ ಹೋದವು. 2015ರಲ್ಲಿ ಸಿನಿಮಾ ಆಯಿತು. ಆದರೆ ಬೆಲೆಗಿಂತ ಮೊದಲು ಅವರ ಬಳಿ ಓದುಗರು ಇದ್ದರು ಎಂಬುದನ್ನು ಮರೆಯಬಾರದು.

ವಿಮರ್ಶೆ: ಮೇಲಿನ ಕಾಳು, ಒಳಗಿನ ಕಾಳು

ಎದುರಿಗೆ ಲೇಖಕರಿಲ್ಲದ ಅಂಗಡಿಯಲ್ಲಿ ಓದುಗರು ನಂಬುವುದು ಇನ್ನೊಬ್ಬ ಓದುಗರ ಮಾತನ್ನು. ಅದಕ್ಕೇ ವಿಮರ್ಶೆಗೆ ಬೆಲೆ. ಬೆಲೆ ಇದೆ ಎಂದ ಮೇಲೆ ಅದನ್ನು ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಮಾಮೂಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂತು: ಇಷ್ಟು ಹಣಕ್ಕೆ 50 ವಿಮರ್ಶೆ, ಎಲ್ಲವೂ ಐದು ನಕ್ಷತ್ರ. "ಬೇಟಾ, ನೀನು ಕಾಮರ್ಸ್ ಅಲ್ಲವಾ, ಇದು ಲಾಭವೋ ನಷ್ಟವೋ ಹೇಳು" ಎಂದು ಕೇಳಿದರು. ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ. ಆ ಪೆಟ್ಟಿಗೆಗಳಲ್ಲಿ ಅವರ ಉಳಿತಾಯ ಇದೆ.

ನಾನು ಓದಿ ತಿಳಿದದ್ದು ಇಷ್ಟು. ಅಮೆಜಾನ್ ನಿಯಮದಂತೆ ಹಣ ಕೊಟ್ಟು ಬರೆಸಿದ ವಿಮರ್ಶೆ ನಿಷಿದ್ಧ. ಮನೆಯವರೂ ಆಪ್ತರೂ ಬರೆಯುವಂತಿಲ್ಲ. ಅಮೆರಿಕದ ಜಾನ್ ಲಾಕ್ ಸ್ವತಃ ಪ್ರಕಟಿಸಿ ಹತ್ತು ಲಕ್ಷ ಕಿಂಡಲ್ ಪ್ರತಿ ಮಾರಿದ ಮೊದಲ ಲೇಖಕ ಎಂದು 2011ರಲ್ಲಿ ಹೆಸರಾದರು. ಮರುವರ್ಷ ಅವರು 300 ವಿಮರ್ಶೆಗಳನ್ನು ಹಣಕ್ಕೆ ಕೊಂಡಿದ್ದರೆಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಆಮೇಲೆ ಅವರ ನಿಜವಾದ ಓದುಗರ ಮೆಚ್ಚುಗೆಯನ್ನೂ ಜನ ಸಂಶಯದಿಂದ ನೋಡಿದರು. ನಮ್ಮ ದೇಶದಲ್ಲಿ ಬಿಐಎಸ್ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನದಂಡ ತಂದಿದೆ.

ಕಾನೂನಿಗಿಂತ ಹಳೆಯ ಒಂದು ಮಾನದಂಡ ನಮಗೆ ಗೊತ್ತಿದೆ. ಪ್ರವಾದಿ ಮುಹಮ್ಮದ್(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ಹತ್ತಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಯನ್ನು, ಹಾಗಿದ್ದರೆ ಜನರಿಗೆ ಕಾಣುವಂತೆ ಒದ್ದೆ ಕಾಳನ್ನು ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ಕೊಂಡುತಂದ ಐದು ನಕ್ಷತ್ರಗಳು ರಾಶಿಯ ಮೇಲೆ ಹರಡಿದ ಒಣ ಕಾಳಿನಂತೆ. ಕೈ ಹಾಕುವ ಓದುಗರು ಒಬ್ಬರಲ್ಲ ಒಬ್ಬರು ಬಂದೇ ಬರುತ್ತಾರೆ.

ಮಾಮೂ ಆ ಸಂದೇಶವನ್ನು ಅಳಿಸಿದರು. ಪುಸ್ತಕ ಕೊಂಡು ಓದಿದ್ದ ಒಂಬತ್ತು ಜನರಿಗೆ, ಅನಿಸಿದ್ದನ್ನು ಹಾಗೆಯೇ ಬರೆಯಿರಿ ಎಂದು ಕೇಳಿಕೊಂಡರು. ಇಬ್ಬರು ಬರೆದರು. ಒಬ್ಬರು ಗಜಲ್‌ಗಳನ್ನು ಹೊಗಳಿ, ಅಕ್ಷರ ತೀರ ಸಣ್ಣದು ಎಂದು ಮೂರು ನಕ್ಷತ್ರ ಕೊಟ್ಟರು. ನನಗೆ ಆ ಮೂರು ನಕ್ಷತ್ರವೇ ಹೆಚ್ಚು ಉಪಯುಕ್ತ ಅನಿಸಿತು. ಮುಂದಿನ ಮುದ್ರಣಕ್ಕೆ ಏನು ಮಾಡಬೇಕೆಂದು ಅದು ಹೇಳಿತು.

ಕೊನೆಯದಾಗಿ

ಬರೆಯುವ ಗೆಳೆಯ ಗೆಳತಿಯರೇ, ಕ್ರಮ ಹೀಗಿರಲಿ: ಭಾಷೆಗೆ ಜಾಗವಿರುವ ಅಂಗಡಿ ಆರಿಸಿ, ಪುಟದ ವಿವರ ತುಂಬಿಸಿ, ಒಂದು ಪ್ರತಿಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಷರತ್ತಿಲ್ಲದೆ ಕೆಲವು ಪ್ರತಿಗಳನ್ನು ಓದಲು ಕೊಡಿ, ಪ್ರಾಮಾಣಿಕ ಅಭಿಪ್ರಾಯ ಕೇಳಿ. ಜಾಹೀರಾತು ಎಲ್ಲಕ್ಕಿಂತ ಕೊನೆಗೆ. ಓದುಗರಾದ ಉಳಿದವರಿಗೂ ಒಂದು ಕೆಲಸವಿದೆ. ನೀವು ಕೊಂಡು ಓದಿದ ಹೊಸ ಲೇಖಕರ ಪುಸ್ತಕದ ಬಗ್ಗೆ ಅಂಗಡಿಯ ಪುಟದಲ್ಲಿ ಎರಡು ಸಾಲು ಬರೆಯಿರಿ. ಹೊಗಳಿಕೆಯೇ ಆಗಬೇಕಿಲ್ಲ, ನಿಜವಾಗಿದ್ದರೆ ಸಾಕು.