ಹೆಸರು ಕೊಳ್ಳುವ ಮೊದಲು ದೇಶ ನೋಡು

ಪ್ರೀತಿಯ ತಮ್ಮನಿಗೆ,

ಉಳಿತಾಯದ ದುಡ್ಡನ್ನು ‘ಡಾಟ್ ಎಐ’ ಎಂದು ಮುಗಿಯುವ ಅಂತರ್ಜಾಲ ವಿಳಾಸಗಳ, ಅಂದರೆ ಡೊಮೇನ್ ಹೆಸರುಗಳ ಮೇಲೆ ಹಾಕಿ, ನಾಲ್ಕು ಕಾಸು ಮಾಡಿಕೊಳ್ಳಬೇಕೆಂಬ ಆಸೆ ಈಗ ನಿನ್ನ ವಯಸ್ಸಿನ ಬಹಳ ಮಂದಿಗಿದೆ. ಆಸೆಗೆ ಕಾರಣವೂ ಇದೆ. 2023ರಲ್ಲಿ ‘ಯು ಡಾಟ್ ಎಐ’ (you.ai) ಎಂಬ ಪುಟ್ಟ ಹೆಸರು 7 ಲಕ್ಷ ಡಾಲರಿಗೆ ಮಾರಾಟವಾಯಿತು. ಇಂಥ ಸುದ್ದಿ ಓದಿದ ಮೇಲೆ ರಾತ್ರಿ ಕೂತು ಹೆಸರು ಹುಡುಕದವರು ಅಪರೂಪ. ಹುಡುಕು, ಬೇಡವೆನ್ನುವವರಾರು? ಆದರೆ ಕಾರ್ಡ್ ತೆಗೆಯುವ ಮೊದಲು ಆ ಕೊನೆಯ ಎರಡಕ್ಷರ ಯಾವ ದೇಶದ್ದು, ಅಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು ತಿಳಿದುಕೋ.

ಎಐ ಎನ್ನುವುದು ಆಂಗ್ವಿಲಾದ ಕೋಡ್. ಕೆರಿಬಿಯನ್ ಸಮುದ್ರದಲ್ಲಿರುವ, ಬ್ರಿಟನ್ನಿನ ಅಧೀನದ, ಸುಮಾರು ಹದಿನೈದು ಸಾವಿರ ಜನರ ದ್ವೀಪ ಅದು. 1995ರಲ್ಲಿ ಅದಕ್ಕೆ ಈ ಕೋಡ್ ಸಿಕ್ಕಾಗ ಕೃತಕ ಬುದ್ಧಿಮತ್ತೆಯ (ಇಂಗ್ಲಿಷಿನಲ್ಲಿ ಅದೂ ‘ಎಐ’) ಮಾತು ಪ್ರಯೋಗಾಲಯಗಳಾಚೆ ಅಷ್ಟಾಗಿ ಬಂದಿರಲಿಲ್ಲ. 2022ರ ಕೊನೆಗೆ ಚಾಟ್‌ಜಿಪಿಟಿ ಬಂತು, ಎಲ್ಲವೂ ತಿರುವುಮುರುವಾಯಿತು. 2023ರಲ್ಲಿ ಡೊಮೇನ್ ನೋಂದಣಿಯಿಂದಲೇ ಆಂಗ್ವಿಲಾ ಸರ್ಕಾರಕ್ಕೆ ಸುಮಾರು 3.2 ಕೋಟಿ ಡಾಲರ್ ಬಂತು. ಅದರ ಒಟ್ಟು ವರಮಾನದ ಐದನೆಯ ಒಂದು ಪಾಲಿಗಿಂತ ಹೆಚ್ಚು. ಚಂಡಮಾರುತಕ್ಕೆ ಸಿಕ್ಕಿ ನಲುಗುವ ಪುಟ್ಟ ನಾಡಿಗೆ ಹೀಗೊಂದು ಭಾಗ್ಯ ಒದಗಿದ್ದು ಸಂತೋಷದ ವಿಷಯವೇ. ಆದರೆ ಈ ವ್ಯಾಪಾರದಲ್ಲಿ ಖಚಿತವಾಗಿ ಲಾಭ ಕಂಡವರು ಯಾರು ಎಂಬುದನ್ನು ಗಮನಿಸು. ಹೆಸರು ಮಾರಾಟವಾದರೂ ಸರಿ, ಧೂಳು ಹಿಡಿದು ಕೂತರೂ ಸರಿ, ದ್ವೀಪಕ್ಕೆ ಅದರ ಶುಲ್ಕ ಬರುತ್ತಲೇ ಇರುತ್ತದೆ.

ನಮ್ಮ ಕಡೆ ಸೈಟು ಕೊಂಡು, ಸುತ್ತ ಬೇಲಿ ಹಾಕಿ, ಹತ್ತು ವರ್ಷ ಬಿಟ್ಟು ಮಾರುವ ರೂಢಿ ಇದೆಯಲ್ಲ, ಡೊಮೇನನ್ನೂ ಹಾಗೆಯೇ ಭಾವಿಸುವವರು ಮೋಸಹೋಗುವುದು ಇಲ್ಲಿಯೇ. ಇದರಲ್ಲಿ ಕ್ರಯಪತ್ರವಿಲ್ಲ, ಅವಧಿಯ ಹಕ್ಕು ಮಾತ್ರ. ಲೆಕ್ಕ ಹಾಕಿ ನೋಡು. ಡಾಟ್ ಎಐ ಹೆಸರನ್ನು ಕನಿಷ್ಠ ಎರಡು ವರ್ಷಕ್ಕೆ ನೋಂದಾಯಿಸಬೇಕು. ದ್ವೀಪ ಬಹುಕಾಲ ಪಡೆದ ಶುಲ್ಕ ಎರಡು ವರ್ಷಕ್ಕೆ 140 ಡಾಲರ್. ಐವತ್ತು ಹೆಸರಿಟ್ಟುಕೊಂಡರೆ 7,000 ಡಾಲರ್, ಅಂದರೆ ಆರು ಲಕ್ಷ ರೂಪಾಯಿಯ ಆಸುಪಾಸು. ಅದರ ಮೇಲೆ ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರ್‌ನ ಕಮಿಷನ್. ಎರಡು ವರ್ಷ ಕಳೆಯುತ್ತಲೇ ಅಷ್ಟೂ ದುಡ್ಡನ್ನು ಮತ್ತೆ ಕಟ್ಟಬೇಕು, ಇಲ್ಲವೇ ಹೆಸರು ಬಿಡಬೇಕು. ಐವತ್ತರಲ್ಲಿ ಒಂದೆರಡಕ್ಕೆ ಗಿರಾಕಿ ಬಂದರೆ, ಆ ಒಂದೆರಡು ಉಳಿದೆಲ್ಲದರ ರಿನ್ಯೂವಲ್ ಹೊರಬೇಕು. ಸುದ್ದಿಯಾಗುವುದು ಮಾರಾಟವಾದ ಹೆಸರು ಮಾತ್ರ, ರಿನ್ಯೂ ಮಾಡದೆ ಕೈಬಿಟ್ಟದ್ದು ಸುದ್ದಿಯಾಗುವುದಿಲ್ಲ.

ಇನ್ನು ಕಾನೂನು. ಡಾಟ್ ಕಾಮ್ ನಡೆಯುವುದು ಡೊಮೇನ್ ವ್ಯವಸ್ಥೆಯ ಮೇಲ್ವಿಚಾರಣೆ ನೋಡುವ ಐಕ್ಯಾನ್ ಸಂಸ್ಥೆಯ ಜೊತೆಗಿನ ಒಪ್ಪಂದದಡಿ. ದೇಶದ ಕೋಡ್‌ಗೆ ಆಯಾ ದೇಶದ ನಿಯಮವೇ ನಿಯಮ, ಬೆಲೆಯೂ ಅವರದೇ. 2010ರಲ್ಲಿ ‘ವಿಬಿ ಡಾಟ್ ಎಲ್‌ವೈ’ ಎಂಬ ಲಿಂಕ್ ಕಿರಿದುಮಾಡುವ ತಾಣದ ಹೆಸರನ್ನು, ಆ ಕೋಡ್‌ನ ಒಡೆಯ ದೇಶವಾದ ಲಿಬಿಯಾ ಕಿತ್ತುಕೊಂಡಿತು. ತಾಣದಲ್ಲಿದ್ದ ವಿಷಯ ಅಲ್ಲಿನ ಇಸ್ಲಾಮಿ ಕಾನೂನಿಗೆ ಒಗ್ಗದು ಎಂಬುದು ಕೊಟ್ಟ ಕಾರಣ. ಅಮೆರಿಕದಲ್ಲಿ ಕೂತು ತಾಣ ನಡೆಸುತ್ತಿದ್ದವರಿಗೆ ಟ್ರಿಪೋಲಿಯ ಕಾನೂನು ನೆನಪಾದದ್ದು ಹೆಸರು ಹೋದ ಮೇಲೆ. ಲಿಬಿಯಾ ದೂರದ ಮಾತಾಯಿತು ಎನ್ನುವೆಯಾ? ಯುರೋಪಿನದು ಕೇಳು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ (ಬ್ರೆಕ್ಸಿಟ್) ಮೇಲೆ, ಬ್ರಿಟನ್ನಿನ ವಿಳಾಸದಲ್ಲಿ ನೋಂದಾಯಿಸಿದ್ದ, ಒಕ್ಕೂಟದ ಕೋಡ್ ಇರುವ ಡಾಟ್ ಇಯು ಹೆಸರುಗಳಿಗೆ ಅರ್ಹತೆಯೇ ಇಲ್ಲವಾಯಿತು. 2021ರ ಆರಂಭದಲ್ಲಿ ಅವುಗಳ ಕೆಲಸ ನಿಂತಿತು, 2022ರ ಆರಂಭದಲ್ಲಿ ಪೂರ್ತಿ ರದ್ದಾದವು. ಹೆಸರು ಕಳೆದುಕೊಂಡವರಲ್ಲಿ ವರ್ಷಗಟ್ಟಲೆ ಶುಲ್ಕ ಕಟ್ಟಿದ ಸಾಮಾನ್ಯ ವ್ಯಾಪಾರಿಗಳಿದ್ದರು, ಅವರು ಯಾವ ತಪ್ಪೂ ಮಾಡಿದವರಲ್ಲ.

ಸ್ಟಾರ್ಟಪ್‌ಗಳು ಮುಗಿಬಿದ್ದು ಕೊಳ್ಳುವ ಡಾಟ್ ಐಒ ಕಥೆ ಇನ್ನೂ ಮನಕಲಕುವಂಥದ್ದು. ಅದು ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ಕೋಡ್, ಅಂದರೆ ಚಾಗೋಸ್ ದ್ವೀಪಗಳದು. ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆ ಬರಲೆಂದು 1970ರ ದಶಕದ ಆರಂಭದ ಹೊತ್ತಿಗೆ ಅಲ್ಲಿನ ಜನರನ್ನೆಲ್ಲ ಎಬ್ಬಿಸಿ ಮಾರಿಷಸ್, ಸೀಶೆಲ್ಸ್‌ಗಳಿಗೆ ಸಾಗಿಸಲಾಯಿತು. ತಮ್ಮ ನೆಲದ ಹೆಸರಲ್ಲಿ ಮಾರಾಟವಾಗುವ ಡೊಮೇನುಗಳಲ್ಲಿ ಪಾಲು ಬೇಕೆಂದು ಅವರು ಕೇಳುತ್ತಲೇ ಬಂದಿದ್ದಾರೆ. ದ್ವೀಪಗಳ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇ 22ರಂದು ಸಹಿ ಹಾಕಿತು. ಎರಡಕ್ಷರದ ಕೋಡ್‌ಗಳು ನಿಂತಿರುವುದು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯ ಮೇಲೆ. ಹೀಗೆ ಪ್ರದೇಶ ಕೈಬದಲಾಗಿ ಅದರ ಕೋಡ್ ಪಟ್ಟಿಯಿಂದ ಬಿದ್ದರೆ ಡೊಮೇನನ್ನೂ ಮುಚ್ಚುವ ವಿಧಿ ಇದೆ, ಅದಕ್ಕೆ ಸಾಮಾನ್ಯವಾಗಿ ಐದು ವರ್ಷದ ಗಡುವು. ಯುಗೊಸ್ಲಾವಿಯಾ ಒಡೆದ ಮೇಲೆ ಡಾಟ್ ವೈಯು 2010ರಲ್ಲಿ ಕಣ್ಮರೆಯಾಯಿತು. ಸೋವಿಯತ್ ಒಕ್ಕೂಟದ ಡಾಟ್ ಎಸ್‌ಯು ಮಾತ್ರ ದೇಶ ಅಳಿದ ಮೇಲೂ ದಶಕಗಟ್ಟಲೆ ನಡೆದುಕೊಂಡು ಬಂತು. ಐಒ ಯಾವ ದಾರಿ ಹಿಡಿದೀತೆಂದು ಪಣ ಕಟ್ಟುವ ಧೈರ್ಯವಿದ್ದವರು ಕಟ್ಟಲಿ, ತಿಂಗಳ ಸಂಬಳದಲ್ಲಿ ಬದುಕುವವರಿಗೆ ಆ ಪಣ ಬೇಡ.

ಕೊಳ್ಳುವವರ ಕಡೆಯಿಂದಲೂ ನೋಡಬೇಕು. ಅಮೆರಿಕದ ಓವರ್‌ಸ್ಟಾಕ್ ಕಂಪನಿ 2010ರಲ್ಲಿ ಕೊಲಂಬಿಯಾದ ಕೋಡ್ ಇರುವ ‘ಓ ಡಾಟ್ ಕೋ’ ಹೆಸರಿಗೆ 3.5 ಲಕ್ಷ ಡಾಲರ್ ಸುರಿದು, ಆಮೇಲೆ ಕಂಪನಿಯ ಹೆಸರನ್ನೇ ಹಾಗೆ ಬದಲಿಸಲು ಹೊರಟಿತು. ಗಿರಾಕಿಗಳ ಬೆರಳು ಅಭ್ಯಾಸಬಲದಿಂದ ‘ಕಾಮ್’ ಎಂದೇ ಒತ್ತುತ್ತಿತ್ತು. ಕಂಪನಿ ಹಳೆಯ ಹೆಸರಿಗೇ ಮರಳಿತು. ಕೈಯಲ್ಲಿ ಅಷ್ಟು ಹಣ, ಅಷ್ಟು ಜಾಹೀರಾತು ಇದ್ದವರ ಪಾಡೇ ಹೀಗಾಯಿತು.

ನಮ್ಮ ಡಾಟ್ ಇನ್ ಬಗ್ಗೆ ಒಂದು ಎಚ್ಚರಿಕೆ. 2005ರಲ್ಲಿ ಅದರ ನೋಂದಣಿ ಎಲ್ಲರಿಗೂ ಮುಕ್ತವಾಯಿತು, ನಿಕ್ಸಿ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಬೇರೆಯವರ ಟ್ರೇಡ್‌ಮಾರ್ಕ್ ಇರುವ ಹೆಸರನ್ನು ದುರುದ್ದೇಶದಿಂದ ಹಿಡಿದಿಟ್ಟರೆ, ನಿಕ್ಸಿಯ ವ್ಯಾಜ್ಯ ನಿಯಮದಂತೆ ಮಧ್ಯಸ್ಥಗಾರರು ಆ ಹೆಸರನ್ನು ಕಂಪನಿಗೆ ಕೊಡಿಸಬಹುದು. ಈ ನಿಯಮ ಬರುವ ಮೊದಲೇ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಒಂದು ದಾವೆ ಹೂಡಲಾಗಿತ್ತು. ಸತ್ಯಂ ಇನ್ಫೋವೇ ಕಂಪನಿಯ ‘ಸಿಫಿ’ ಹೆಸರಿಗೆ ಹತ್ತಿರವಾದ ಹೆಸರನ್ನು ಮತ್ತೊಂದು ಸಂಸ್ಥೆ ಬಳಸಿದ ವ್ಯಾಜ್ಯ ಅದು. ಕೆಳ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥದ್ದೇ ರಕ್ಷಣೆ ಉಂಟೆಂದು ಆ ತೀರ್ಪು ಹೇಳಿತು. ಆದ್ದರಿಂದ ಕಂಪನಿಗಳ, ಸಿನಿಮಾಗಳ, ಯೋಜನೆಗಳ ಹೆಸರು ಮುಟ್ಟಬೇಡ.

ಕೊಳ್ಳಲೇಬೇಕೆಂದಿದ್ದರೆ ನಾಲ್ಕೈದು ಹೆಸರು ಸಾಕು, ದಿನಬಳಕೆಯ, ಬಾಯಲ್ಲಿ ಸುಲಭವಾಗಿ ನಿಲ್ಲುವ ಪದಗಳಿರಲಿ. ಸಾಲ ಮಾಡಬೇಡ, ಕ್ರೆಡಿಟ್ ಕಾರ್ಡ್ ಇಎಂಐ ಅಂತೂ ಬೇಡವೇ ಬೇಡ. ಮಾರುವಾಗ ಹಣ ಎಸ್ಕ್ರೋ ಮೂಲಕವೇ ಬರಲಿ. ಹೆಸರು ಹೊಸಬರ ಖಾತೆಗೆ ಹೋಗುವ ತನಕ ಮೂರನೆಯವರ ಬಳಿ ಹಣವಿದ್ದರೆ ಇಬ್ಬರಿಗೂ ನಿಶ್ಚಿಂತೆ. ನೀನು ಗುರುತು ಹಾಕಿಟ್ಟುಕೊಂಡಿರುವ ಹೆಸರುಗಳ ಪಟ್ಟಿಯನ್ನು, ಒಂದೊಂದರ ಮುಂದೆ ದೇಶ, ರಿನ್ಯೂವಲ್ ಶುಲ್ಕ, ಅದನ್ನು ಕೊಳ್ಳಬಹುದಾದವರು ಯಾರು ಎಂದು ಬರೆದು ಕಳಿಸು. ಕೊನೆಯ ಕಾಲಂ ಖಾಲಿ ಉಳಿದ ಹೆಸರುಗಳಿಗೆ ಈ ತಿಂಗಳು ದುಡ್ಡು ಕಟ್ಟಬೇಡ.