ಏಳು ಕ್ಲಬ್ಬು, ನಾಲ್ಕು ಕಾಸು

ಫೋನಿನಲ್ಲಿ ‘ಗಾಲ್ಫ್ ಕ್ಲ್ಯಾಶ್’ ಆಡತೊಡಗಿದವರ ಮೊದಲ ವಾರ ಹೆಚ್ಚುಕಡಿಮೆ ಒಂದೇ ಥರ. ಗೆದ್ದರೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಾರ್ಡು, ಸಾಕಷ್ಟು ಕಾರ್ಡು ಕೂಡಿದ ಕೂಡಲೇ ಕ್ಲಬ್ಬಿಗೆ ‘ಅಪ್‌ಗ್ರೇಡ್’ ಗುಂಡಿ. ಬೆರಳು ತಾನಾಗಿಯೇ ಅತ್ತ ಹೋಗುತ್ತದೆ. ಬ್ರಿಟನ್ನಿನ ಪ್ಲೇಡೆಮಿಕ್ ಕಂಪನಿ 2017ರಲ್ಲಿ ಹೊರತಂದ ಈ ಆಟ ಮರುವರ್ಷವೇ ಮೊಬೈಲ್ ಆಟಗಳ ಬಾಫ್ಟಾ ಪ್ರಶಸ್ತಿ ಪಡೆಯಿತು. 2021ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಆ ಕಂಪನಿಯನ್ನೇ 140 ಕೋಟಿ ಡಾಲರಿಗೆ ಕೊಂಡಿತು. ಅಷ್ಟು ಬೆಲೆ ಬಂದುದರಲ್ಲಿ ದುಡುಕಿ ಗುಂಡಿ ಒತ್ತಿದವರ ಪಾಲೂ ಒಂದಿಷ್ಟು ಇದ್ದೀತು.

ನಿಜವಾದ ಗಾಲ್ಫಿನಲ್ಲಿ ಬ್ಯಾಗಿಗೆ 14 ಕ್ಲಬ್ಬುಗಳ ಮಿತಿ. ಇಲ್ಲಿ ಬೆಳೆಸಬೇಕಾದ ಜಾಗಗಳು ಏಳು: ಡ್ರೈವರ್, ವುಡ್, ಲಾಂಗ್ ಐರನ್, ಶಾರ್ಟ್ ಐರನ್, ವೆಡ್ಜ್, ರಫ್ ಐರನ್, ಸ್ಯಾಂಡ್ ವೆಡ್ಜ್. ಒಂದೊಂದು ಜಾಗಕ್ಕೂ ಹಲವು ಕ್ಲಬ್ಬುಗಳ ಪೈಪೋಟಿ. ಎಲ್ಲವನ್ನೂ ಬೆಳೆಸುವಷ್ಟು ಕಾಯಿನ್ಸ್ ಹೊಸಬರ ಬಳಿ ಇರುವುದಿಲ್ಲ. ಎಲ್ಲಿ ಸುರಿಯಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು ಎಂಬುದಕ್ಕೆ ಕೆಲವು ಸೂತ್ರಗಳು ಇಲ್ಲಿವೆ.

1. ಮೊದಲು ಪಣ, ಆಮೇಲೆ ಅಪ್‌ಗ್ರೇಡ್

ಹೊಸಬರು ಕಾರ್ಡು ಸಾಲದೆ ಸೋಲುವುದಿಲ್ಲ, ಕಾಯಿನ್ಸ್ ಖಾಲಿಯಾಗಿ ಸೋಲುತ್ತಾರೆ. ಆಟದಲ್ಲಿ ಕೆಳಗಿನಿಂದ ಮೇಲಕ್ಕೆ ಹಲವು ಟೂರುಗಳಿವೆ. ಪ್ರತಿ ಪಂದ್ಯಕ್ಕೂ ಇಬ್ಬರು ಆಟಗಾರರೂ ಆ ಟೂರಿನ ಪ್ರವೇಶಮೊತ್ತವನ್ನು ಪಣವಾಗಿ ಕಟ್ಟಬೇಕು. ಗೆದ್ದವರು ಬಾಚಿಕೊಂಡು ಹೋಗುತ್ತಾರೆ. ಅಪ್‌ಗ್ರೇಡಿನ ಖರ್ಚೂ ಇದೇ ಚೀಲದಿಂದಲೇ ಹೋಗಬೇಕು. ಇದ್ದಬದ್ದ ಕಾಯಿನ್ಸ್ ಎಲ್ಲವನ್ನೂ ಒಂದು ಡ್ರೈವರ್ ಮೇಲೆ ಹಾಕಿ, ಮರುದಿನ ಅದನ್ನು ಆಡಿಸಲು ಪಣವಿಲ್ಲದೆ ಕೆಳಗಿನ ಟೂರಿಗೆ ಇಳಿಯುವುದು ಬಿತ್ತನೆ ಬೀಜವನ್ನು ಕುಟ್ಟಿ ಅನ್ನ ಮಾಡಿಕೊಂಡಂತೆ.

ನನ್ನ ಲೆಕ್ಕ ಸರಳ. ಅಪ್‌ಗ್ರೇಡ್ ಮುಗಿದ ಮೇಲೂ ನೀವು ಆಡುವ ಟೂರಿನ ಹತ್ತು ಪಂದ್ಯಗಳ ಪಣ ಉಳಿದಿರಬೇಕು. ಒಂದು ಪಂದ್ಯಕ್ಕೆ 1000 ಕಾಯಿನ್ಸ್ ಎಂದಿಟ್ಟುಕೊಂಡರೆ 10,000 ಮುಟ್ಟಬಾರದ ಗಂಟು. ಸಾಲಾಗಿ ನಾಲ್ಕೈದು ಸೋಲು ಬರುವುದು ಈ ಆಟದಲ್ಲಿ ಮಾಮೂಲು. ಗಂಟು ಇದ್ದವರು ಅದನ್ನು ದಾಟಿ ಬರುತ್ತಾರೆ.

2. ಬಣ್ಣಕ್ಕೆ ಮರುಳಾಗಬೇಡಿ, ಅಂಕಿ ಓದಿ

ಕ್ಲಬ್ಬುಗಳಲ್ಲಿ ಕಾಮನ್, ರೇರ್, ಎಪಿಕ್ ಎಂಬ ಮೂರು ದರ್ಜೆ. ಎಪಿಕ್ ಕಾರ್ಡೊಂದು ಮೊದಲ ಬಾರಿಗೆ ಕೈಗೆ ಬಂದಾಗ ಅದನ್ನೇ ಬ್ಯಾಗಿಗೆ ಹಾಕಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಎಪಿಕ್ ಎಂದರೆ ಅದರ ಕಾರ್ಡು ಅಪರೂಪಕ್ಕೆ ಸಿಗುತ್ತದೆ ಎಂದಷ್ಟೇ ಅರ್ಥ. ಮೊದಲ ಹಂತದಲ್ಲೇ ತಿಂಗಳುಗಟ್ಟಲೆ ಕುಳಿತಿರುವ ಎಪಿಕ್ ಕ್ಲಬ್ಬಿಗಿಂತ ನಾಲ್ಕೈದು ಹಂತ ಏರಿದ ಕಾಮನ್ ಕ್ಲಬ್ಬು ಎಷ್ಟೋ ಸಲ ವಾಸಿ.

ಪ್ರತಿ ಕ್ಲಬ್ಬಿಗೂ ಆರು ಗುಣಗಳಿವೆ: ಪವರ್, ಅಕ್ಯುರೆಸಿ, ಟಾಪ್ ಸ್ಪಿನ್, ಬ್ಯಾಕ್ ಸ್ಪಿನ್, ಕರ್ಲ್, ಬಾಲ್ ಗೈಡ್. ಒಂದೇ ಜಾಗದ ಎರಡು ಕ್ಲಬ್ಬುಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ಆರು ಅಂಕಿಗಳನ್ನು ಹೋಲಿಸಿ. ಎರಡೇ ನಿಮಿಷದ ಕೆಲಸ.

3. ಡ್ರೈವರಿನ ಪವರ್ ಎಲ್ಲಿ ಲೆಕ್ಕಕ್ಕೆ ಬರುತ್ತದೆಂದು ನೋಡಿ

‘ದೂರ ಹೊಡೆದವನೇ ಗೆದ್ದ’ ಎಂಬ ನಂಬಿಕೆ ಗಾಲ್ಫಿನಷ್ಟೇ ಹಳೆಯದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನಕ್ಕೆ ಬಂದಾಗ, ಡ್ರೈವ್‌ನ ದೂರದಲ್ಲಿ ಅವರು ಪೈಪೋಟಿಯಲ್ಲಿದ್ದ ಇತರರಿಗಿಂತ ಬಹಳ ಹಿಂದಿದ್ದರು. ಅವರ ಕೈಹಿಡಿದದ್ದು ಗ್ರೀನ್ ಸುತ್ತಲಿನ ಆಟ ಮತ್ತು ಪಟಿಂಗ್. ಪರದೆಯ ಮೇಲಿನ ಗಾಲ್ಫಿಗೂ ಈ ಮಾತು ಬಹುಪಾಲು ಸಲ್ಲುತ್ತದೆ.

ಹಾಗೆಂದು ಪವರ್ ಬೇಡವೆಂದಲ್ಲ. ಒಂದು ಟೂರಿನಲ್ಲಿ ಬರುವ ಹೋಲ್‌ಗಳು ಕೆಲವೇ, ಮತ್ತೆ ಮತ್ತೆ ಅವೇ ಬರುತ್ತವೆ. ಎಲ್ಲಿ ನಿಮ್ಮ ಡ್ರೈವ್ ನೀರಿನ ಆಚೆ ದಡಕ್ಕೆ ಸ್ವಲ್ಪದರಲ್ಲಿ ತಲುಪುವುದಿಲ್ಲ? ಯಾವ ಪಾರ್ 5ರಲ್ಲಿ ಎದುರಾಳಿಯ ಚೆಂಡು ಎರಡನೆಯ ಹೊಡೆತಕ್ಕೇ ಗ್ರೀನ್ ಮೇಲಿದ್ದು, ನಿಮ್ಮದು ಮುಂದಿನ ಬಂಕರಿನಲ್ಲಿ ಹೂತಿರುತ್ತದೆ? ಇಂಥ ಎರಡು ಮೂರು ಹೋಲ್‌ಗಳನ್ನು ಗುರುತಿಸಿಟ್ಟುಕೊಳ್ಳಿ. ಹೊಸ ಹಂತದ ಪವರ್ ಆ ಕೊರತೆ ತುಂಬುವುದಾದರೆ ಕಣ್ಣು ಮುಚ್ಚಿ ಹಣ ಹಾಕಿ. ತುಂಬದಿದ್ದರೆ ಚೆಂಡು ಅದೇ ಫೇರ್‌ವೇಯಲ್ಲಿ ನಾಲ್ಕು ಗಜ ಮುಂದೆ ಬಿದ್ದಿರುತ್ತದೆ, ಮುಂದಿನ ಹೊಡೆತಕ್ಕೆ ಕ್ಲಬ್ಬೂ ಬದಲಾಗುವುದಿಲ್ಲ. ಆ ನಾಲ್ಕು ಗಜಕ್ಕೆ ಕಾಯಿನ್ಸ್ ತೆತ್ತು ಪ್ರಯೋಜನವಿಲ್ಲ.

4. ಅಕ್ಯುರೆಸಿ ಏರಿದರೆ ಗಾಳಿಯ ಲೆಕ್ಕ ಹೊಸದಾಗಿ ಕಲಿಯಿರಿ

ಈ ಆಟದ ಜೀವಾಳ ಗಾಳಿ. ಪರದೆಯ ಮೇಲಿನ ಬಾಣ ದಿಕ್ಕನ್ನೂ ವೇಗವನ್ನೂ ತೋರಿಸುತ್ತದೆ. ಚೆಂಡು ಬೀಳಬೇಕಾದ ಗುರಿಯ ಸುತ್ತ ಬಣ್ಣದ ಉಂಗುರಗಳಿರುತ್ತವೆ. ಗಾಳಿ ಎತ್ತ ತಳ್ಳುತ್ತದೋ ಅದರ ವಿರುದ್ಧಕ್ಕೆ ಗುರಿಯನ್ನು ಇಂತಿಷ್ಟು ಉಂಗುರ ಸರಿಸಿ ಹೊಡೆಯುವುದು ಅನುಭವಿಗಳ ಪದ್ಧತಿ. ಅಂದಾಜಿನ ಮೇಲೆ ಹೊಡೆಯುವವರಿಗೂ ಉಂಗುರ ಎಣಿಸಿ ಹೊಡೆಯುವವರಿಗೂ ಇರುವ ಅಂತರವನ್ನು ಯಾವ ಎಪಿಕ್ ಕ್ಲಬ್ಬೂ ತುಂಬಿಕೊಡಲಾರದು.

ಇಲ್ಲೊಂದು ಸೂಕ್ಷ್ಮವಿದೆ. ಅಕ್ಯುರೆಸಿ ಹೆಚ್ಚಿದಷ್ಟೂ ಉಂಗುರಗಳು ಕಿರಿದಾಗುತ್ತವೆ. ನಿಮ್ಮ ಹಳೆಯ ಶಾರ್ಟ್ ಐರನ್ನಿನಲ್ಲಿ ಒಂದು ಉಂಗುರಕ್ಕೆ ಗಂಟೆಗೆ 2 ಮೈಲಿ ಗಾಳಿ ಎಂಬ ಲೆಕ್ಕ ಕೈಗೆ ಕೂತಿತ್ತು ಎನ್ನಿ. 6 ಮೈಲಿ ಗಾಳಿಗೆ 3 ಉಂಗುರ ಸರಿಸುತ್ತಿದ್ದಿರಿ. ಅಪ್‌ಗ್ರೇಡಿನ ನಂತರ ಒಂದು ಉಂಗುರ 1.5 ಮೈಲಿಗೆ ಇಳಿದರೆ ಅದೇ ಗಾಳಿಗೆ 4 ಉಂಗುರ ಬೇಕು. ಹಳೆಯ ಅಭ್ಯಾಸದಲ್ಲಿ 3ಕ್ಕೇ ನಿಂತರೆ, ದುಡ್ಡು ಕೊಟ್ಟು ಉತ್ತಮಪಡಿಸಿಕೊಂಡ ಕ್ಲಬ್ಬೇ ಚೆಂಡನ್ನು ಬಂಕರಿಗೆ ಹಾಕುತ್ತದೆ. ‘ಅಪ್‌ಗ್ರೇಡ್ ಮಾಡಿದ ಮೇಲೆ ಆಟ ಕೆಟ್ಟಿತು’ ಎಂದು ಗೊಣಗುವವರಲ್ಲಿ ಅರ್ಧದಷ್ಟು ಜನರ ತೊಂದರೆ ಇದೇ ಎಂಬುದು ನನ್ನ ಅನುಮಾನ.

ಆದ್ದರಿಂದ ಅಕ್ಯುರೆಸಿ ಏರಿಸಿದ ದಿನ ಕೆಳಗಿನ ಟೂರಿನಲ್ಲಿ, ಕಡಿಮೆ ಪಣಕ್ಕೆ ಹತ್ತಾರು ಪಂದ್ಯ ಆಡಿ. ಹೊಸ ಉಂಗುರದ ಅಳತೆ ಕೈಗೆ ಹತ್ತಿದ ಮೇಲೆ ಮೇಲೇರಿ. ವಾರದ ಟೂರ್ನಮೆಂಟ್ ನಡೆಯುತ್ತಿರುವಾಗ ನಡುವೆ ಕ್ಲಬ್ಬು ಮುಟ್ಟಲೇಬೇಡಿ.

5. ಮೊದಲ ಕಾಯಿನ್ಸ್ ಐರನ್ನುಗಳಿಗೆ

ಡ್ರೈವರ್ ಕಣ್ಣು ಕುಕ್ಕುತ್ತದೆ, ಪಂದ್ಯ ನಿರ್ಧಾರವಾಗುವುದು ಗ್ರೀನಿಗೆ ಹೊಡೆಯುವ ಹೊಡೆತದಲ್ಲಿ. ಹೋಲಿನಿಂದ ಎಷ್ಟು ಹತ್ತಿರ ನಿಲ್ಲಿಸಿದಿರಿ ಎಂಬುದರ ಮೇಲೆ ಬರ್ಡಿಯೋ ಪಾರೋ ಎಂಬುದು ನಿಂತಿದೆ. ಸಮಬಲವಾದರೆ ನಡೆಯುವ ಶೂಟ್‌ಔಟಿನಲ್ಲೂ ಹೋಲಿಗೆ ಹತ್ತಿರ ಇಟ್ಟವರದೇ ಗೆಲುವು. ನಿಮ್ಮ ಟೂರಿನಲ್ಲಿ ಗ್ರೀನಿಗೆ ಹೊಡೆಯಲು ಹೆಚ್ಚಾಗಿ ಬಳಸುವ ಕ್ಲಬ್ಬು ಯಾವುದು, ಶಾರ್ಟ್ ಐರನ್ನೋ ಲಾಂಗ್ ಐರನ್ನೋ, ಎಂಬುದನ್ನು ಒಂದು ವಾರ ಗಮನಿಸಿ. ಅದನ್ನೇ ಮೊದಲು ಬೆಳೆಸಿ.

6. ಸ್ಪಿನ್ ಎಲ್ಲಕ್ಕೂ ಒಂದೇ ಅಲ್ಲ

ಡ್ರೈವರಿಗೆ ಟಾಪ್ ಸ್ಪಿನ್ ಬೇಕು. ಚೆಂಡು ಬಿದ್ದ ಮೇಲೆ ಉರುಳಿ ಮುಂದೆ ಹೋಗಲಿ. ‘ಬಿಗ್ ಟಾಪರ್’ ಎಂಬ ಡ್ರೈವರ್ ಇರುವುದೇ ಇದಕ್ಕೆ. ಶಾರ್ಟ್ ಐರನ್, ವೆಡ್ಜ್‌ಗಳಿಗೆ ಬ್ಯಾಕ್ ಸ್ಪಿನ್ ಬೇಕು. ಚೆಂಡು ಗ್ರೀನ್ ಮೇಲೆ ಬಿದ್ದು ಅಲ್ಲೇ ಕಚ್ಚಿ ನಿಲ್ಲಲಿ. ವೆಡ್ಜಿನ ಹೊಸ ಹಂತದಲ್ಲಿ ಏರುವುದು ಬರೀ ಟಾಪ್ ಸ್ಪಿನ್ ಎಂದಾದರೆ ಆ ಹಂತಕ್ಕೆ ಆತುರ ಬೇಡ. ಕರ್ಲ್ ಎಂದರೆ ಗಾಳಿಯಲ್ಲೇ ಎಡಕ್ಕೋ ಬಲಕ್ಕೋ ಬಳುಕುವ ಗುಣ, ತಿರುವಿನ ಫೇರ್‌ವೇಗಳಲ್ಲಿ ಮರಗಳನ್ನು ಬಳಸಿ ಹೋಗಲು ಅದು ಬೇಕು. ಹೊಸಬರ ಟೂರುಗಳಲ್ಲಿ ಅದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ, ಕೊನೆಗೆ ನೋಡಿಕೊಳ್ಳಿ.

7. ಬಾಲ್ ಗೈಡ್ ಕಲಿಯುವವರ ಊರುಗೋಲು

ಚೆಂಡು ಬಿದ್ದ ಮೇಲೆ ಹೇಗೆ ಪುಟಿಯುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸುವುದು ಇದರ ಕೆಲಸ. ಪಳಗಿದವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ನೀವು ಇಡಿ. ಪುಟಿತದ ಅಂದಾಜು ಕಣ್ಣಿಗೆ ಕೂರುವವರೆಗೆ ಉದ್ದ ಗೆರೆಯ ಐರನ್ ದೊಡ್ಡ ಮೇಷ್ಟ್ರು.

8. ರಫ್ ಐರನ್ನಿಗೆ ಪವರ್ ಮೊದಲು

ಫೇರ್‌ವೇಯಲ್ಲಿ ದೂರಕ್ಕೆ ತಕ್ಕಂತೆ ಒಂದೊಂದು ಕ್ಲಬ್ಬಿದೆ. ಚೆಂಡು ಹುಲ್ಲಿನ ರಫ್‌ಗೆ ಬಿತ್ತೋ, ಹತ್ತಿರವಿರಲಿ ದೂರವಿರಲಿ, ಆಟ ರಫ್ ಐರನ್ ಒಂದನ್ನೇ ಕೈಗಿಡುತ್ತದೆ. ಆ ಒಂದೇ ಕ್ಲಬ್ಬು ಎಲ್ಲ ದೂರವನ್ನೂ ಸಂಭಾಳಿಸಬೇಕು. ಪವರ್ ಸಾಲದಿದ್ದರೆ ಒಂದು ಹೊಡೆತ ದಂಡ ಕಟ್ಟಿದ ಹಾಗೆಯೇ. ಆದ್ದರಿಂದ ಇಲ್ಲಿ ದೂರ ಮೊದಲು, ಸೊಗಸು ಆಮೇಲೆ. ಸ್ಯಾಂಡ್ ವೆಡ್ಜ್‌ಗೂ ಇದೇ ಮಾತು. ಆದರೆ ಎರಡನ್ನೂ ಒಂದು ಮಟ್ಟಕ್ಕೆ ತಂದು ಬಿಟ್ಟುಬಿಡಿ. ದಿನಾ ರಫ್‌ನಲ್ಲೇ ಇದ್ದೀರಿ ಎಂದರೆ ಸರಿಪಡಿಸಬೇಕಾದದ್ದು ಬೇರೆ ಏನೋ ಇದೆ.

9. ವೆಡ್ಜಿಗೆ ಪವರ್ ಯಾಕೆ?

ವೆಡ್ಜ್ ದೂರ ಹೋಗತೊಡಗಿದರೆ ಶಾರ್ಟ್ ಐರನ್ನಿನ ಕೆಲಸವನ್ನು ಕಿತ್ತುಕೊಳ್ಳುತ್ತದೆಯೇ ಹೊರತು ಹೊಸದೇನೂ ಸಿಗುವುದಿಲ್ಲ. ನಿಮ್ಮ ಕ್ಲಬ್ಬುಗಳ ಗರಿಷ್ಠ ದೂರವನ್ನು ಸಾಲಾಗಿ ಬರೆದುಕೊಳ್ಳಿ. ಎರಡರ ನಡುವೆ ಎಲ್ಲಿ ದೊಡ್ಡ ಕಂದಕವಿದೆಯೋ ಅಲ್ಲಿ ಪವರ್ ಬೇಕು.

10. ಟೂರ್ ತೆರೆಯಿತೆಂದು ಓಡಬೇಡಿ

ಟ್ರೋಫಿಗಳು ಸೇರುತ್ತಿದ್ದಂತೆ ಮೇಲಿನ ಟೂರಿನ ಬಾಗಿಲು ತೆರೆಯುತ್ತದೆ. ಅಲ್ಲಿ ಪಣ ದೊಡ್ಡದು, ಗಾಳಿಯೂ ಜೋರು. ಆದರೆ ಕೆಲವು ಕ್ಲಬ್ಬುಗಳ ಕಾರ್ಡು ಸಿಗುವುದು ಆ ಟೂರು ತಲುಪಿದ ಮೇಲೇ. ಹೀಗಾಗಿ ಹೋಗದೆಯೂ ಇರಲಾಗದು. ಮೊದಲ ಸೂತ್ರದ ಹತ್ತು ಪಣದ ಗಂಟನ್ನು ಹೊಸ ಟೂರಿನ ದರದಲ್ಲಿ ಲೆಕ್ಕ ಹಾಕಿ, ಅಷ್ಟು ಕೂಡಿದ ಮೇಲೆ ಕಾಲಿಡಿ.

ಹೋಗುವ ಮುಂಚೆ ಇನ್ನೊಂದು ಗಮನದಲ್ಲಿರಲಿ. ಮೇಲೇರಿದಷ್ಟೂ ಪೆಟ್ಟಿಗೆಯಲ್ಲಿ ಬರಬಹುದಾದ ಕ್ಲಬ್ಬುಗಳ ಬಗೆ ಹೆಚ್ಚುತ್ತದೆ. ನಿಮಗೆ ಬೇಕಾದ ಹಳೆಯ ಕ್ಲಬ್ಬಿನ ಕಾರ್ಡು ಬರುವ ಸಂಭವ ಅಷ್ಟರಮಟ್ಟಿಗೆ ಇಳಿಯುತ್ತದೆ. ಅಚ್ಚುಮೆಚ್ಚಿನ ಐರನ್ ಒಂದು ಹಂತ ದೂರದಲ್ಲಿದೆ ಎಂದಾಗ ಕೆಳಗೇ ಇದ್ದು ಅದನ್ನು ಮುಗಿಸಿಕೊಂಡು ಹೋಗುವುದು ಜಾಣತನ.

11. ಚೆಂಡು ಕ್ಲಬ್ಬಲ್ಲ, ಖರ್ಚಾಗುತ್ತದೆ

ವಿಶೇಷ ಚೆಂಡುಗಳು ಗಾಳಿಯನ್ನು ತಡೆದುಕೊಳ್ಳುತ್ತವೆ, ಪವರ್ ಕೊಡುತ್ತವೆ, ಪಕ್ಕಕ್ಕೆ ತಿರುಗಿಸುವ ಸೈಡ್ ಸ್ಪಿನ್ ಕೊಡುತ್ತವೆ. ಅಪ್‌ಗ್ರೇಡ್ ಆದ ಕ್ಲಬ್ಬು ಹಾಗೇ ಉಳಿಯುತ್ತದೆ, ಚೆಂಡು ಆಡಿದಂತೆ ಮುಗಿಯುತ್ತದೆ. ದಿನನಿತ್ಯದ ಪಂದ್ಯಕ್ಕೆ ಸಾದಾ ಚೆಂಡು ಸಾಕು. ಉಡುಗೊರೆಯಾಗಿ ಬಂದ ಒಳ್ಳೆಯ ಚೆಂಡುಗಳನ್ನು ಟೂರ್ನಮೆಂಟಿಗೆ ಕೂಡಿಡಿ.

12. ಜೆಮ್ಸ್ ಅಂಗಡಿಗೆ ಕಾಲಿಡುವ ಮುನ್ನ

ನಿಜವಾದ ರೂಪಾಯಿ ಕೊಟ್ಟು ಜೆಮ್ಸ್ ಪಡೆದು, ಅದರಿಂದ ಪೆಟ್ಟಿಗೆ ಕೊಂಡರೆ ಒಳಗೆ ಯಾವ ಕಾರ್ಡು ಇರುತ್ತದೆಂದು ಕೊಳ್ಳುವವರಿಗೆ ಮೊದಲೇ ಗೊತ್ತಿರುವುದಿಲ್ಲ. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಕೆಲವು ಹೆಸರಾಂತ ಆಟಗಳ ಇಂಥ ಪೆಟ್ಟಿಗೆಗಳನ್ನು ಪರಿಶೀಲಿಸಿ ಜೂಜೆಂದೇ ಪರಿಗಣಿಸಿತು. ನೀವು ಏನೆಂದಾದರೂ ಪರಿಗಣಿಸಿ, ಒಂದು ಮಾತು ಮಾತ್ರ ದಿಟ: ನಿಮಗೆ ಬೇಕಿರುವುದು ಇಂಥದೇ ಶಾರ್ಟ್ ಐರನ್ನಿನ ಕಾರ್ಡು, ಪೆಟ್ಟಿಗೆ ಮಾರುವುದು ಸಾಧ್ಯತೆಯನ್ನು. ಹೊಸಬರು ಸೋತ ಸಿಟ್ಟಿನಲ್ಲಿ ಕೊಳ್ಳುವುದೇ ಹೆಚ್ಚು. ಮಕ್ಕಳ ಕೈಗೆ ಫೋನ್ ಕೊಡುವವರು ಖರೀದಿಗೆ ಪಾಸ್‌ವರ್ಡ್ ಹಾಕಿಡುವುದು ಒಳ್ಳೆಯದು. ದೊಡ್ಡವರಿಗೂ ಅದು ಕೆಟ್ಟದ್ದೇನಲ್ಲ.

13. ಕ್ಲ್ಯಾನ್‌ನಲ್ಲಿ ಒಂದೇ ಕ್ಲಬ್ಬು ಕೇಳಿ

ಆಟಗಾರರ ಗುಂಪಾದ ಕ್ಲ್ಯಾನ್ ಸೇರಿದರೆ ಜೊತೆಯವರ ಬಳಿ ಕಾರ್ಡು ಕೇಳಬಹುದು. ಇದೊಂದೇ ದಾರಿಯಲ್ಲಿ ಬೇಕಾದ ಕ್ಲಬ್ಬನ್ನು ನೀವೇ ಹೆಸರಿಟ್ಟು ಪಡೆಯಲು ಸಾಧ್ಯ, ಅದೂ ಪುಕ್ಕಟೆ. ಇವತ್ತು ವುಡ್, ನಾಳೆ ಡ್ರೈವರ್, ನಾಡಿದ್ದು ಇನ್ನೇನೋ ಎಂದು ಕೇಳುತ್ತ ಹೋದರೆ ಯಾವುದೂ ಹಂತ ಮುಟ್ಟುವುದಿಲ್ಲ. ಐದನೆಯ ಸೂತ್ರದಲ್ಲಿ ಆರಿಸಿಕೊಂಡ ಐರನ್ನನ್ನೇ, ಅದು ಏರುವವರೆಗೂ, ಬಿಡದೆ ಕೇಳಿ. ನೀವು ಬ್ಯಾಗಿಗೆ ಹಾಕದ ಕ್ಲಬ್ಬುಗಳ ಕಾರ್ಡುಗಳನ್ನು ಕೂಡಿಟ್ಟುಕೊಳ್ಳದೆ ಕೇಳಿದವರಿಗೆ ಕೊಟ್ಟುಬಿಡಿ. ಬರೀ ಕೇಳುವವರನ್ನು ಯಾವ ಕ್ಲ್ಯಾನೂ ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ.