ವಾಸಿಯಾಗದ ಬೆನ್ನುನೋವು, ಕುತ್ತಿಗೆ ನೋವು: ತಜ್ಞ ವೈದ್ಯರನ್ನು ಕಾಣುವುದು ಯಾವಾಗ?

ಸೊಂಟ ಹಿಡಿದುಕೊಳ್ಳುವುದನ್ನಾಗಲಿ, ಕುತ್ತಿಗೆ ಉಳುಕುವುದನ್ನಾಗಲಿ ಒಮ್ಮೆಯೂ ಅನುಭವಿಸದವರು ವಿರಳ. ತುಂಬಿದ ಬಕೆಟ್ಟನ್ನು ಬಗ್ಗಿ ಎತ್ತುವಾಗ, ಇಡೀ ದಿನ ಮೇಜಿನ ಮುಂದೆ ಕುಳಿತಾಗ, ನೂಕುನುಗ್ಗಲಿನ ರೈಲಿನಲ್ಲಿ ಒಂದೇ ಕೈಯಲ್ಲಿ ಜೋತು ನಿಂತು ಪ್ರಯಾಣಿಸಿದಾಗ ಇಂಥ ನೋವು ತಲೆದೋರುತ್ತದೆ. ಇವುಗಳಲ್ಲಿ ಬಹುಪಾಲು ಸ್ನಾಯು ಮತ್ತು ಕೀಲುಗಳಿಗೆ ಸಂಬಂಧಿಸಿದವು. ಸುಮಾರು ಆರು ವಾರಗಳೊಳಗೆ ತಾವಾಗಿಯೇ ಶಮನವಾಗುತ್ತವೆ. ಹಿಂದೆ ವೈದ್ಯರೇ ವಾರಗಟ್ಟಲೆ ಹಾಸಿಗೆಯ ವಿಶ್ರಾಂತಿಯನ್ನು ವಿಧಿಸುತ್ತಿದ್ದರು. ಈಗ ಆ ಸಲಹೆ ಬದಲಾಗಿದೆ. ಸಾಧ್ಯವಿದ್ದಷ್ಟು ನಡೆದಾಡುತ್ತಿರುವವರೇ ಬೇಗ ಚೇತರಿಸಿಕೊಳ್ಳುತ್ತಾರೆ.

ಆರು ವಾರ ಕಳೆದರೂ ನೋವು ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಕೆಲವು ಲಕ್ಷಣಗಳಿದ್ದರಂತೂ ಅಷ್ಟು ಕಾಲ ಕಾಯುವುದೇ ಅಪಾಯ. ನೋವು ಎಷ್ಟು ತೀವ್ರ ಎಂಬುದಕ್ಕಿಂತ ಅದರ ಜೊತೆಯಲ್ಲಿ ಏನಿದೆ ಎಂಬುದು ಮುಖ್ಯ.

ಇದರ ಕಾರಣ ಬೆನ್ನುಮೂಳೆಯ ರಚನೆಯಲ್ಲಿದೆ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಕಶೇರುಮಣಿಗಳಿದ್ದು, ಅವುಗಳ ನಡುವೆ ಮೆತ್ತೆಯಂತಹ ಡಿಸ್ಕುಗಳಿವೆ. ಮಣಿಗಳ ಹಿಂದಿನ ನಾಳದಲ್ಲಿ ಬೆನ್ನುಹುರಿ ಇಳಿದುಬರುತ್ತದೆ. ಅದರಿಂದ ನರಗಳು ಕೈಕಾಲುಗಳಿಗೆ ಹೊರಡುತ್ತವೆ. ಆದುದರಿಂದ ಕುತ್ತಿಗೆಯ ದೋಷ ಬೆರಳುಗಳಲ್ಲಿಯೂ ಸೊಂಟದ ದೋಷ ಪಾದದಲ್ಲಿಯೂ ಪ್ರಕಟವಾಗಬಹುದು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಹಿಡಿತ ತಪ್ಪುವುದು, ಮಲದ್ವಾರದ ಸುತ್ತ ಸ್ಪರ್ಶ ತಿಳಿಯದಿರುವುದು, ಎರಡೂ ಕಾಲುಗಳು ಸೋಲುವುದು, ಇವು ಕಂಡುಬಂದರೆ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಲ್ಪಟ್ಟಾಗ ನೋವು ಅಲ್ಪವಾಗಿರಬಹುದು, ಇಲ್ಲದೆಯೂ ಇರಬಹುದು. ಅಂಗಿಯ ಗುಂಡಿ ಹಾಕಲಾಗದು, ಅಕ್ಷರ ಕೆಡುತ್ತದೆ, ನಡೆಯುವಾಗ ಹೆಜ್ಜೆ ತಪ್ಪುತ್ತದೆ. ಇದನ್ನು ವಯಸ್ಸಿನ ದೋಷವೆಂದು ಮನೆಮಂದಿ ತಳ್ಳಿಹಾಕುವುದೇ ಹೆಚ್ಚು.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಬೆನ್ನುಮೂಳೆಯ ಕ್ಷಯ. ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಪಾಟ್ ರೋಗವೆಂಬ ಹೆಸರೂ ಇದೆ. ಕ್ಷಯವೆಂದರೆ ಕೆಮ್ಮು ಇರಲೇಬೇಕೆಂಬ ನಂಬಿಕೆ ಸರಿಯಲ್ಲ. ಈ ರೋಗಿಗಳಲ್ಲಿ ಅನೇಕರಿಗೆ ಕೆಮ್ಮು ಇರುವುದಿಲ್ಲ. ರಾತ್ರಿಯೂ ಬಿಡದ ನೋವು, ಸಂಜೆಯ ಜ್ವರ, ಹಸಿವಿಲ್ಲದಿರುವುದು, ತೂಕ ಇಳಿಯುವುದು ಇದರ ಲಕ್ಷಣಗಳು. ಔಷಧದ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತ, ಮಾಲೀಶು ಮಾಡಿಸುತ್ತ ತಿಂಗಳುಗಳನ್ನು ಕಳೆದರೆ, ಅಷ್ಟರಲ್ಲಿ ಮೂಳೆ ಕುಸಿದು ಕಾಲುಗಳ ಬಲವೇ ಹೋದೀತು. ಸಕಾಲದಲ್ಲಿ ಗುರುತಿಸಿದರೆ ಬಹುಮಂದಿಗೆ ಶಸ್ತ್ರಕ್ರಿಯೆ ಇಲ್ಲದೆ ಔಷಧದಿಂದಲೇ ಗುಣವಾಗುತ್ತದೆ. ಆದರೆ ಔಷಧವನ್ನು ಸಾಮಾನ್ಯವಾಗಿ ಒಂದು ವರ್ಷವಾದರೂ ಬಿಡದೆ ಸೇವಿಸಬೇಕು. ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮದಡಿ ಈ ಔಷಧ ಉಚಿತ. ಪೌಷ್ಟಿಕ ಆಹಾರಕ್ಕೆಂದು ನೀಡುವ ನೆರವನ್ನು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ.

ಹಿಂದೆ ಅರ್ಬುದ ರೋಗವಿದ್ದವರು, ಬಿದ್ದ ವೃದ್ಧರು, ಬಹುಕಾಲ ಸ್ಟೀರಾಯಿಡ್ ಸೇವಿಸಿದವರು ಸಹ ತಡಮಾಡಬಾರದು.

ಮೊದಲು ಮೂಳೆ ಮತ್ತು ಕೀಲು ತಜ್ಞರನ್ನು ಕಾಣುವುದು ವಾಡಿಕೆ. ಕೈಕಾಲುಗಳ ಬಲ ಕುಂದಿದ್ದರೆ ಅವರು ನರರೋಗ ತಜ್ಞರ ಬಳಿಗೆ ಕಳುಹಿಸಬಹುದು. ಯುವಕರಲ್ಲಿ ಬೆಳಿಗ್ಗೆ ಏಳುವಾಗ ಬೆನ್ನು ಮರದ ಹಲಗೆಯಂತೆ ಬಿಗಿದಿದ್ದು, ಓಡಾಡಿದ ಮೇಲೆ ಸಡಿಲವಾಗುವುದಾದರೆ, ಅದು ಸಂಧಿವಾತದ ಒಂದು ಬಗೆಯಾಗಿರಬಹುದು. ಅದಕ್ಕೆ ಸಂಧಿವಾತ ತಜ್ಞರು ಬೇಕು. ತಜ್ಞರೆಂದೊಡನೆ ಶಸ್ತ್ರಕ್ರಿಯೆಯೆಂದು ಹೆದರುವವರಿದ್ದಾರೆ. ವಾಸ್ತವವಾಗಿ ಹೆಚ್ಚಿನವರಿಗೆ ಅವರು ಸೂಚಿಸುವುದು ವ್ಯಾಯಾಮ ಮತ್ತು ಫಿಸಿಯೋಥೆರಪಿ. ಇನ್ನು ಕೆಲವರು ಎಂ.ಆರ್.ಐ. ಚಿತ್ರಕ್ಕೇ ಹಟ ಹಿಡಿಯುತ್ತಾರೆ. ಬೆನ್ನುನೋವೇ ಇಲ್ಲದವರ ಚಿತ್ರಗಳನ್ನು ಕುರಿತ 2015ರ ಒಂದು ಸಮೀಕ್ಷೆಯಲ್ಲಿ 20 ವರ್ಷದವರಲ್ಲಿ ಶೇಕಡ 37, 80 ವರ್ಷದವರಲ್ಲಿ ಶೇಕಡ 96 ಮಂದಿಯ ಡಿಸ್ಕುಗಳು ಸವೆದಿದ್ದುವು. ಆದುದರಿಂದ ವರದಿಯಲ್ಲಿ ‘ಡಿಸ್ಕ್ ಸವೆತ’ ಎಂದಿದ್ದ ಮಾತ್ರಕ್ಕೆ ಅದೇ ನೋವಿನ ಮೂಲವೆನ್ನಲಾಗದು. ರೋಗಿಯ ಹೇಳಿಕೆ ಹಾಗೂ ದೈಹಿಕ ಪರೀಕ್ಷೆಗಳೊಂದಿಗೆ ಹೊಂದಿಕೆಯಾದಾಗಲೇ ಚಿತ್ರಕ್ಕೆ ಬೆಲೆ.

ಈ ಹೇಳಿಕೆಯ ವಿಷಯದಲ್ಲಿ ಹೊರನಾಡಿನ ಕನ್ನಡಿಗರಿಗೆ ಒಂದು ತೊಡಕುಂಟು. ಸಂತೆ ಪೇಟೆಯ ಮಾತು ಬಂದರೂ ನೋವಿನ ಮಾತು ಬರುವುದಿಲ್ಲ. ವಿಶೇಷವಾಗಿ ಊರಿನಿಂದ ಬಂದ ತಂದೆತಾಯಿಯರು ‘ನೋವು’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ವೈದ್ಯರಿಗಾದರೋ ಜೋಮು, ಮರಗಟ್ಟುವುದು, ಬಲ ಕುಂದುವುದು ಬೇರೆಬೇರೆ ಸಂಗತಿಗಳು. ಜೋಮು ಹಿಡಿಯುವುದಕ್ಕೆ ಹಿಂದಿಯಲ್ಲಿ ಝುನಝುನಿ, ಮರಾಠಿಯಲ್ಲಿ ಮುಂಗ್ಯಾ ಯೇಣೆ, ತೆಲುಗಿನಲ್ಲಿ ತಿಮ್ಮಿರಿ ಎನ್ನುತ್ತಾರೆ. ಜೊತೆಗೆ ಹೋಗುವ ಮಗನೋ ಸೊಸೆಯೋ ಹಿಂದಿನ ದಿನವೇ ಕನ್ನಡದಲ್ಲಿ ವಿಚಾರಿಸಿ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಲೇಸು: ನೋವು ಆರಂಭವಾದದ್ದು ಎಂದು, ಮೊಣಕಾಲಿನ ಕೆಳಗೆ ಇಳಿಯುತ್ತದೆಯೆ, ಮಲಗಿದಾಗ ಹೆಚ್ಚೋ ಕಡಿಮೆಯೋ, ಜ್ವರವಿದೆಯೆ, ಮೂತ್ರಕ್ಕೆ ತೊಂದರೆಯಿದೆಯೆ. ಸಂಕೋಚದಿಂದ ಅತ್ತೆ ಸೊಸೆಗೆ ಹೇಳದೆ ಉಳಿಯುವುದು ಈ ಕೊನೆಯ ಪ್ರಶ್ನೆಯ ಉತ್ತರವೇ.

ಹಳೆಯ ಕ್ಷ-ಕಿರಣ ಚಿತ್ರಗಳನ್ನೂ, ಈವರೆಗೆ ಸೇವಿಸಿದ ಎಲ್ಲ ಗುಳಿಗೆಗಳನ್ನೂ ಕೊಂಡೊಯ್ಯಬೇಕು. ನಾಟಿ ಔಷಧವಿದ್ದರೆ ಅದನ್ನೂ ಮರೆಮಾಚದೆ ತೋರಿಸಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಅಥವಾ ಹೊಟ್ಟೆಯ ಹುಣ್ಣು ಇದ್ದರೆ ನೋವಿನ ಗುಳಿಗೆ ಬರೆಯುವ ಮುನ್ನವೇ ವೈದ್ಯರಿಗೆ ತಿಳಿಸತಕ್ಕದ್ದು.